ಸಿರಿವಂತರ ಕಾರಿಗೆ ಯಾವ ಯಂತ್ರ?

ಒಂದು ಕೋಟಿಯನ್ನೋ ಎರಡು ಕೋಟಿಯನ್ನೋ ತೆತ್ತು ಮೋಟಾರು ಕಾರನ್ನು ಕೊಳ್ಳಹೊರಟವರ ಸಂಕಟವನ್ನು ಕುರಿತು ಲೇಖನ ಬರೆಯುವುದು ಲೋಕದ ಸಹಾನುಭೂತಿಯನ್ನು ಗಳಿಸತಕ್ಕ ಕಾರ್ಯವೇನೂ ಅಲ್ಲ. ಆದರೂ ಆ ಸಂಕಟದಲ್ಲಿ ವಿಚಾರಯೋಗ್ಯವಾದ ಅಂಶಗಳು ಹಲವುಂಟು. 2010ರ ಆಸುಪಾಸಿನಲ್ಲಿ ನಮ್ಮ ದೇಶದಲ್ಲಿ ದೊಡ್ಡ ಜರ್ಮನ್ ಕಾರೊಂದನ್ನು ಕೊಳ್ಳುವವನ ಎದುರಿಗೆ ಎಂಜಿನ್ ಯಾವುದೆಂಬ ಪ್ರಶ್ನೆ ಹೆಸರಿಗೆ ಮಾತ್ರ ಇತ್ತು. ಡೀಸೆಲ್ ಎಂಬ ಉತ್ತರವು ಪ್ರಶ್ನೆಗಿಂತ ಮೊದಲೇ ಸಿದ್ಧವಾಗಿ ಕುಳಿತಿರುತ್ತಿತ್ತು. ಈಚೆಗಾದರೋ ಬಿಎಂಡಬ್ಲ್ಯು ಕಂಪನಿಯ 7 ಸೀರೀಸ್ ಎಂಬ ಒಂದೇ ಕಾರು, ಅದೇ ಮೈಕಟ್ಟು, ಅದೇ ಚರ್ಮದ ಆಸನ, ಹಿಂದಿನ ಸಾಲಿನವರ ಮುಂದೆ ಛಾವಣಿಯಿಂದ ಇಳಿದುಬರುವ ಅದೇ ದೊಡ್ಡ ಪರದೆ ಇವುಗಳನ್ನು ಹೊತ್ತು, 740ಐ ಎಂಬ ಹೆಸರಿನಲ್ಲಿ ಪೆಟ್ರೋಲಿನಿಂದಲೂ, 740ಡಿ ಎಂಬ ಹೆಸರಿನಲ್ಲಿ ಡೀಸೆಲಿನಿಂದಲೂ, ಐ7 ಎಂಬ ಹೆಸರಿನಲ್ಲಿ ವಿದ್ಯುತ್ತಿನಿಂದಲೂ ಓಡುವಂತೆ ಮೂರು ಅವತಾರಗಳನ್ನು ತಳೆದು ಬಂದಿದೆ. ಅತ್ತ ಬೆಂಗಳೂರಿನ ಹೊರವಲಯದ ಬಿಡದಿಯಲ್ಲಿ 2020ರಿಂದ ಲೆಕ್ಸಸ್ ಇಎಸ್ 300ಎಚ್ ಎಂಬ ಹೈಬ್ರಿಡ್ ಕಾರು ತಯಾರಾಗತೊಡಗಿದ್ದರಿಂದ ನಾಲ್ಕನೆಯ ಬಾಗಿಲೂ ತೆರೆದಂತಾಯಿತು.

ಈ ನಾಲ್ಕರಲ್ಲಿ ಯಾವುದು ಲೇಸೆಂದು ಕೇಳಿದರೆ, ಷೋರೂಮಿನಲ್ಲಿ ದೊರೆಯುವ ಉತ್ತರವು ಆ ತಿಂಗಳು ಅವರ ಅಂಗಳದಲ್ಲಿ ಉಳಿದಿರುವ ಸ್ಟಾಕನ್ನೂ, ಬಂಧುಮಿತ್ರರಿಂದ ದೊರೆಯುವ ಉತ್ತರವು ಅವರವರು ಈಗಾಗಲೇ ಕೊಂಡಿರುವ ಕಾರನ್ನೂ ಅನುಸರಿಸುತ್ತದೆ. ಕೊಳ್ಳುವವನಾದರೂ ಅಭ್ಯಾಸಬಲದಿಂದ ಮೊದಲು ಕೇಳುವುದು ಮೈಲೇಜ್ ಎಷ್ಟೆಂಬುದನ್ನೇ. ಈ ವರ್ಗದ ಕಾರಿನಲ್ಲಿ ಅದಕ್ಕಿಂತ ಅಪ್ರಸ್ತುತವಾದ ಪ್ರಶ್ನೆ ಇನ್ನೊಂದಿಲ್ಲವೆಂಬುದು ನನ್ನ ಅಭಿಪ್ರಾಯ. ಕಾರು ರಾತ್ರಿ ಎಲ್ಲಿ ತಂಗುತ್ತದೆ, ವಾರದಲ್ಲಿ ಎಷ್ಟು ಸಲ ಊರಿನ ಎಲ್ಲೆಯನ್ನು ದಾಟುತ್ತದೆ, ಯಜಮಾನನು ಕೂರುವುದು ಮುಂದೆಯೋ ಹಿಂದೆಯೋ ಎಂಬ ಮೂರು ಸಂಗತಿಗಳು ಗೊತ್ತಾದರೆ ಎಂಜಿನ್ನಿನ ಆಯ್ಕೆ ಬಹುಮಟ್ಟಿಗೆ ತಾನಾಗಿಯೇ ಆಗುತ್ತದೆ. ಮಿಕ್ಕದ್ದನ್ನು ಸರ್ಕಾರದ ತೆರಿಗೆ ನಿರ್ಣಯಿಸುತ್ತದೆ.

ಇದನ್ನು ವಿಸ್ತರಿಸುವುದಕ್ಕೆ ಮುಂಚೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ವಿದ್ಯುತ್ ಕಾರು ಹೊಸದೆಂಬ ಭಾವನೆ ಎಲ್ಲೆಡೆಯೂ ಬೇರೂರಿದೆ. ವಾಸ್ತವವಾಗಿ ಅದು ಈ ನಾಲ್ವರಲ್ಲಿ ಹಿರಿಯರ ಸಾಲಿಗೆ ಸೇರಿದ್ದು. ಗಂಟೆಗೆ ನೂರು ಕಿಲೋಮೀಟರ್ ವೇಗವನ್ನು ಮೊಟ್ಟಮೊದಲು ದಾಟಿದ ಕಾರು, 1899ರ ಏಪ್ರಿಲ್‌ನಲ್ಲಿ ಪ್ಯಾರಿಸ್ ಸಮೀಪದಲ್ಲಿ ಬೆಲ್ಜಿಯಮ್ಮಿನ ಕಮೀಲ್ ಝೆನಾಟ್ಸಿ ಓಡಿಸಿದ ಬಂಡಿ, ಬ್ಯಾಟರಿಯಿಂದ ನಡೆದದ್ದು. ರೋಲ್ಸ್-ರಾಯ್ಸ್ ಕಂಪನಿಯ ಸ್ಥಾಪಕರಲ್ಲಿ ಒಬ್ಬನಾದ ಚಾರ್ಲ್ಸ್ ರೋಲ್ಸ್, ಕಂಪನಿ ಹುಟ್ಟುವುದಕ್ಕೂ ಮೊದಲೇ, 1900ರಲ್ಲಿ, ವಿದ್ಯುತ್ ಕಾರಿಗೆ ಸದ್ದಿಲ್ಲ, ವಾಸನೆಯಿಲ್ಲ, ಕಂಪನವಿಲ್ಲ ಎಂದು ಮೆಚ್ಚಿ, ಚಾರ್ಜ್ ಮಾಡುವ ನಿಲ್ದಾಣಗಳ ವ್ಯವಸ್ಥೆಯಾದ ದಿನ ಅದು ಬಹಳ ಉಪಯೋಗಕ್ಕೆ ಬರುವುದೆಂದು ಅಭಿಪ್ರಾಯಪಟ್ಟಿದ್ದನು. ಅದೇ ವರ್ಷ ಫರ್ಡಿನಾಂಡ್ ಪೋರ್ಷೆ ಎಂಬ ತರುಣನು ವಿಯೆನ್ನಾದ ಲೋನರ್ ಕಂಪನಿಯಲ್ಲಿ ಪೆಟ್ರೋಲ್ ಎಂಜಿನ್ನಿನಿಂದ ವಿದ್ಯುತ್ತನ್ನು ಉತ್ಪಾದಿಸಿ ಚಕ್ರದ ಮೋಟಾರುಗಳನ್ನು ತಿರುಗಿಸುವ ಬಂಡಿಯನ್ನು ನಿರ್ಮಿಸಿದ್ದರಿಂದ ಹೈಬ್ರಿಡ್ ಕೂಡ ನೂರಿಪ್ಪತ್ತೈದು ವರ್ಷದ ಮುದುಕನೇ. ಸ್ವತಃ ಹೆನ್ರಿ ಫೋರ್ಡನ ಪತ್ನಿ ಕ್ಲಾರಾ ಓಡಾಡುತ್ತಿದ್ದುದು ಡೆಟ್ರಾಯಿಟ್ ಎಲೆಕ್ಟ್ರಿಕ್ ಎಂಬ ಬ್ಯಾಟರಿ ಕಾರಿನಲ್ಲಿ. ಪತಿ ಲಕ್ಷಗಟ್ಟಲೆ ತಯಾರಿಸುತ್ತಿದ್ದ ಕಾರನ್ನು ಮುಂದೆ ನಿಂತು ಹ್ಯಾಂಡಲ್ ತಿರುಗಿಸಿ ಸ್ಟಾರ್ಟ್ ಮಾಡಬೇಕಾಗಿದ್ದ ಕಾಲದಲ್ಲಿ ಆಕೆಯ ಈ ಆಯ್ಕೆಯನ್ನು ಯಾರೂ ಆಕ್ಷೇಪಿಸುವಂತಿರಲಿಲ್ಲ. 1912ರಲ್ಲಿ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗನು ವಿದ್ಯುತ್ ಸ್ಟಾರ್ಟರನ್ನು ಅಳವಡಿಸಿದ ಮೇಲೆ ಆ ಹ್ಯಾಂಡಲ್ ಮಾಯವಾಗುತ್ತ ಬಂದು, ಅದರ ಹಿಂದೆಯೇ ವಿದ್ಯುತ್ ಕಾರೂ ಮಾಯವಾಯಿತು. ಬ್ಯಾಟರಿ ಕಾರಿನ ಅಳಿವಿಗೆ ಒಂದು ಸಣ್ಣ ವಿದ್ಯುತ್ ಮೋಟಾರೂ ಕಾರಣವಾದದ್ದು ವಿಧಿಯ ವಿನೋದ.

ಆ ಬಳಿಕ ಶತಮಾನದುದ್ದಕ್ಕೂ ಐಷಾರಾಮಿ ಕಾರಿನ ನಿರ್ಮಾತೃಗಳು ನಡೆಸಿದ ಸಾಹಸವೆಲ್ಲ ಎಂಜಿನ್ ಇಲ್ಲವೇನೋ ಎಂಬ ಭ್ರಾಂತಿಯನ್ನು ಒಳಗೆ ಕುಳಿತವರಲ್ಲಿ ಹುಟ್ಟಿಸುವ ಸಾಹಸ. ಮೈಸೂರಿನ ಅರಸರು ರೋಲ್ಸ್-ರಾಯ್ಸ್ ಕಾರುಗಳನ್ನು ಏಳೇಳಾಗಿ ತರಿಸುತ್ತಿದ್ದರೆಂಬ ಪ್ರತೀತಿಯುಂಟಷ್ಟೆ. ಆ ಕಾರುಗಳ ಕೀರ್ತಿ ನಿಂತಿದ್ದುದು ಅವುಗಳ ವೇಗದ ಮೇಲಲ್ಲ, ನಿಶ್ಶಬ್ದದ ಮೇಲೆ. ಸಿಲಿಂಡರುಗಳ ಸಂಖ್ಯೆಯನ್ನು ಆರಕ್ಕೆ, ಎಂಟಕ್ಕೆ, ಹನ್ನೆರಡಕ್ಕೆ ಏರಿಸಿದ್ದು, ಎಂಜಿನ್ನನ್ನು ರಬ್ಬರಿನ ಮೆತ್ತೆಗಳ ಮೇಲೆ ಕೂರಿಸಿದ್ದು, ಕಿಟಕಿಗಳಿಗೆ ಇಮ್ಮಡಿ ಗಾಜು ಹಾಕಿದ್ದು ಎಲ್ಲವೂ ಆ ಒಂದೇ ಗುರಿಗಾಗಿ. ಅದೇ ರೋಲ್ಸ್-ರಾಯ್ಸ್ 2023ರಲ್ಲಿ ಸ್ಪೆಕ್ಟರ್ ಎಂಬ ವಿದ್ಯುತ್ ಕಾರನ್ನು ಗ್ರಾಹಕರಿಗೆ ಒಪ್ಪಿಸತೊಡಗಿದಾಗ, ಸ್ಥಾಪಕನ ಮಾತಿಗೆ ನೂರಿಪ್ಪತ್ತಮೂರು ವರ್ಷ ತುಂಬಿತ್ತು.

ಪೆಟ್ರೋಲ್ ಎಂಜಿನ್ನಿನ ವಿಷಯವನ್ನು ಮೊದಲು ಮುಗಿಸಿಬಿಡುವುದು ಸುಲಭ, ಏಕೆಂದರೆ ಅದರ ಗುಣದೋಷಗಳೆರಡೂ ಎಲ್ಲರಿಗೂ ಪರಿಚಿತವಾದವು. ಒಂದರ ಹಿಂದೊಂದು ಸಾಲಾಗಿ ನಿಂತ ಆರು ಸಿಲಿಂಡರುಗಳ ಎಂಜಿನ್ನಿನಲ್ಲಿ ಮುಂದಿನ ಮೂರು ಪಿಸ್ಟನ್ನುಗಳ ಚಲನೆಗೆ ಹಿಂದಿನ ಮೂರರ ಚಲನೆ ಕನ್ನಡಿಯ ಬಿಂಬದಂತೆ ಇರುವುದರಿಂದ ಒಂದರ ಅದುರನ್ನು ಇನ್ನೊಂದು ನುಂಗಿಹಾಕುತ್ತದೆ. 740ಐ ಕಾರಿನಲ್ಲಿಯೂ ಮರ್ಸಿಡಿಸ್ ಎಸ್ 450ರಲ್ಲಿಯೂ ಇರುವುದು ಮೂರು ಲೀಟರಿನ ಇಂಥ ಎಂಜಿನ್ನೇ. ಇವುಗಳ ಜೊತೆಗೆ 48 ವೋಲ್ಟಿನ ಪುಟ್ಟ ಮೋಟಾರೊಂದನ್ನು ಸೇರಿಸಿ ‘ಮೈಲ್ಡ್ ಹೈಬ್ರಿಡ್’ ಎಂದು ಕರೆಯುವ ವಾಡಿಕೆ ಬಂದಿದೆ. ಸಿಗ್ನಲ್ಲಿನಲ್ಲಿ ನಿಂತ ಎಂಜಿನ್ನನ್ನು ಕುಲುಕಾಟವಿಲ್ಲದೆ ಎಬ್ಬಿಸುವುದು, ಹೊರಡುವಾಗ ಒಂದಿಷ್ಟು ತಳ್ಳುವುದು ಇವೆರಡೇ ಅದರ ಕೆಲಸವಾದ್ದರಿಂದ, ಆ ಹೆಸರಿಗೆ ಮರುಳಾಗಿ ಇದನ್ನು ಹೈಬ್ರಿಡ್ಡುಗಳ ಪಂಕ್ತಿಯಲ್ಲಿ ಕೂರಿಸಬೇಕಾದುದಿಲ್ಲ. ಪೆಟ್ರೋಲಿನ ದೋಷವೆಂದರೆ ಬೆಂಗಳೂರಿನಂಥ ಊರಿನಲ್ಲಿ ಎರಡು ಟನ್ನು ತೂಗುವ ಕಾರು ಲೀಟರಿಗೆ ಏಳೆಂಟು ಕಿ.ಮೀ. ಮಾತ್ರ ಹೋಗುವುದು. ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ದೇಶವ್ಯಾಪಿಯಾದ ಮೇಲೆ, ಎಥನಾಲಿನ ಶಕ್ತಿಸಾಂದ್ರತೆ ಪೆಟ್ರೋಲಿಗಿಂತ ಮೂರನೆಯ ಒಂದು ಪಾಲು ಕಡಿಮೆಯಾದುದರಿಂದ, ಈ ಅಂಕಿ ಇನ್ನಷ್ಟು ಇಳಿಯತಕ್ಕದ್ದು ಸಹಜವೇ. ಆದರೆ ವರ್ಷಕ್ಕೆ ಐದಾರು ಸಾವಿರ ಕಿ.ಮೀ. ಓಡಿಸಿ, ಸ್ಟಿಯರಿಂಗನ್ನು ತಾನೇ ಹಿಡಿದು, ಎಂಜಿನ್ನಿನ ಏರುದನಿಯನ್ನು ಸಂಗೀತವೆಂದು ಭಾವಿಸುವ ರಸಿಕನಿಗೆ ಇವೆಲ್ಲ ಲೆಕ್ಕಕ್ಕೆ ಬರುವ ಸಂಗತಿಗಳಲ್ಲ.

ಡೀಸೆಲಿನ ಕಥೆ ಇದಕ್ಕಿಂತ ಸ್ವಾರಸ್ಯವಾದದ್ದು. ರುಡಾಲ್ಫ್ ಡೀಸೆಲನು 1897ರಲ್ಲಿ ಆಗ್ಸ್‌ಬರ್ಗ್ ನಗರದಲ್ಲಿ ಯಶಸ್ವಿಯಾಗಿ ನಡೆಸಿ ತೋರಿಸಿದ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ಗೇ ಇಲ್ಲ; ಗಾಳಿಯನ್ನು ಅತಿಯಾಗಿ ಒತ್ತಿ, ಆ ಒತ್ತಡದಿಂದ ಹುಟ್ಟಿದ ಕಾವಿನಲ್ಲಿ ಇಂಧನ ತಾನಾಗಿಯೇ ಹೊತ್ತಿಕೊಳ್ಳುವಂತೆ ಮಾಡುವುದು ಅದರ ತತ್ತ್ವ. ಹೆಚ್ಚು ಒತ್ತಿದಷ್ಟೂ ಹೆಚ್ಚು ಶಕ್ತಿ ದಕ್ಕುತ್ತದೆಯಾದ್ದರಿಂದ, ಪೆಟ್ರೋಲಿಗಿಂತ ಇದು ಮಿತವ್ಯಯಿ. ಒತ್ತಿದಷ್ಟೂ ಬಡಿತ ಜೋರಾಗುವುದರಿಂದ ಪೆಟ್ರೋಲಿಗಿಂತ ಗಡುಸು. ಮರ್ಸಿಡಿಸ್ ಕಂಪನಿ 1936ರಲ್ಲಿ 260 ಡಿ ಎಂಬ ಡೀಸೆಲ್ ಕಾರನ್ನು ಹೊರತಂದಾಗ ಅದನ್ನು ಆದರದಿಂದ ಸ್ವೀಕರಿಸಿದವರು ಟ್ಯಾಕ್ಸಿಯವರು. ಲಾರಿಗೂ ಟ್ಯಾಕ್ಸಿಗೂ ಟ್ರ್ಯಾಕ್ಟರಿಗೂ ಒಗ್ಗಿದ ಈ ಎಂಜಿನ್ ಶ್ರೀಮಂತರ ಪೋರ್ಟಿಕೋವನ್ನು ಪ್ರವೇಶಿಸಿದ್ದು ಹೇಗೆಂದರೆ, ಭಾರತದಲ್ಲಿಯಂತೂ, ರೈತನ ಹೆಸರಿನಲ್ಲಿ. ಪೆಟ್ರೋಲಿನ ಬೆಲೆಯನ್ನು ಸರ್ಕಾರ 2010ರಲ್ಲಿಯೇ ಮಾರುಕಟ್ಟೆಗೆ ಬಿಟ್ಟುಕೊಟ್ಟು, ಡೀಸೆಲಿನ ಬೆಲೆಯನ್ನು ಕೃಷಿಕರ ಮತ್ತು ಸರಕು ಸಾಗಣೆಯ ಹಿತದೃಷ್ಟಿಯಿಂದ 2014ರ ಅಕ್ಟೋಬರಿನವರೆಗೂ ಹಿಡಿದಿಟ್ಟಿತು. ಆ ನಾಲ್ಕು ವರ್ಷಗಳಲ್ಲಿ ಎರಡರ ನಡುವಣ ಅಂತರ ಒಂದು ಹಂತದಲ್ಲಿ ಲೀಟರಿಗೆ ಮೂವತ್ತು ರೂಪಾಯಿಯ ಹತ್ತಿರಕ್ಕೆ ಹೋಯಿತು. ಪಂಪುಸೆಟ್ಟಿಗೆಂದು ಉದ್ದೇಶಿಸಿದ್ದ ಸಬ್ಸಿಡಿಯನ್ನು ಎಂಬತ್ತು ಲಕ್ಷದ ಕಾರುಗಳು ಯಾವ ಸಂಕೋಚವೂ ಇಲ್ಲದೆ ಕುಡಿದವು.

ಋಣ ತೀರಿಸುವ ಕಾಲವೂ ಬೇಗನೆ ಬಂದಿತು. 2015ರ ಸೆಪ್ಟೆಂಬರಿನಲ್ಲಿ ಫೋಕ್ಸ್‌ವಾಗನ್ ಕಂಪನಿಯು ಹೊಗೆಪರೀಕ್ಷೆಯನ್ನು ವಂಚಿಸಲು ತನ್ನ ಡೀಸೆಲ್ ಕಾರುಗಳಲ್ಲಿ ಸಾಫ್ಟ್‌ವೇರನ್ನು ಅಡಗಿಸಿಟ್ಟಿದ್ದುದು ಅಮೆರಿಕದಲ್ಲಿ ಬಯಲಾಯಿತು. ಅದೇ ಡಿಸೆಂಬರಿನಲ್ಲಿ ನಮ್ಮ ಸುಪ್ರೀಂ ಕೋರ್ಟು ದೆಹಲಿ ಪ್ರದೇಶದಲ್ಲಿ ಎರಡು ಲೀಟರ್ ಹಾಗೂ ಅದಕ್ಕೂ ಮೇಲ್ಪಟ್ಟ ಡೀಸೆಲ್ ಕಾರುಗಳ ನೋಂದಣಿಯನ್ನೇ ತಡೆಹಿಡಿದು, ಮುಂದಿನ ಆಗಸ್ಟಿನಲ್ಲಿ ಶೇ. 1ರ ಹಸಿರು ಶುಲ್ಕ ವಿಧಿಸಿ ಬಿಟ್ಟುಕೊಟ್ಟಿತು. ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳು ಆ ಊರಿನಲ್ಲಿ ಓಡಬಾರದೆಂದು ಹಸಿರು ನ್ಯಾಯಮಂಡಳಿ ಹೊರಡಿಸಿದ ಆಜ್ಞೆಯ ಫಲವಾಗಿ, ಅಲ್ಲಿನ ಒಳ್ಳೊಳ್ಳೆಯ ಕಾರುಗಳು ಅರ್ಧ ಬೆಲೆಗೆ ದಕ್ಷಿಣಕ್ಕೆ ಹರಿದುಬಂದದ್ದನ್ನು ನಮ್ಮ ಸೆಕೆಂಡ್ ಹ್ಯಾಂಡ್ ವ್ಯಾಪಾರಿಗಳು ಚೆನ್ನಾಗಿ ಬಲ್ಲರು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಜಾರಿಗೆ ಬಂದಾಗ ಆಡಿ ಕಂಪನಿ ಇಲ್ಲಿ ಡೀಸೆಲಿಗೆ ವಿದಾಯ ಹೇಳಿತು. ವೋಲ್ವೊ 2024ರಲ್ಲಿ ಜಗತ್ತಿಗೆಲ್ಲ ಹೇಳಿತು. ಮರ್ಸಿಡಿಸ್ ಮತ್ತು ಬಿಎಂಡಬ್ಲ್ಯು ಕಂಪನಿಗಳಾದರೋ ಹಿಡಿದ ಹಟ ಬಿಟ್ಟಿಲ್ಲ, ಹಾಗೂ ಅವುಗಳ ಇಂದಿನ ಡೀಸೆಲನ್ನು ಓಡಿಸಿದವರಿಗೆ ಆ ಹಟದ ಕಾರಣ ತಿಳಿಯದಿರುವುದಿಲ್ಲ. ಎಸ್ 350ಡಿ ಕಾರಿನ ಎಂಜಿನ್ 600 ನ್ಯೂಟನ್ ಮೀಟರ್ ಸೆಳೆತವನ್ನು ಕೆಳವೇಗದಲ್ಲಿಯೇ ಒದಗಿಸುತ್ತದೆ. ಶಿರಾಡಿ ಘಾಟಿಯ ಏರಿನಲ್ಲಿ ಲಾರಿಯ ಹಿಂದೆ ಸಿಕ್ಕಿ, ಅರ್ಧ ಫರ್ಲಾಂಗು ದಾರಿ ತೆರವಾದೊಡನೆ ಅದು ಗೇರು ಬದಲಿಸುವ ಗಲಿಬಿಲಿಯಿಲ್ಲದೆ ಮುನ್ನುಗ್ಗುವ ರೀತಿಯಲ್ಲಿ ಒಂದು ಬಗೆಯ ಗಾಂಭೀರ್ಯವಿದೆ.

ಆದರೆ ಹೊಸ ಡೀಸೆಲಿಗೆ ಹೊಸ ಶಾಪವೊಂದು ತಗುಲಿಕೊಂಡಿದೆ, ಹಾಗೂ ಅದನ್ನು ಷೋರೂಮಿನವರು ಕೇಳದ ಹೊರತು ಹೇಳುವುದಿಲ್ಲ. ಹೊಗೆಯ ಮಸಿಯನ್ನು ಹಿಡಿದಿಡಲೆಂದು ಸೈಲೆನ್ಸರಿನ ದಾರಿಯಲ್ಲಿ ಡಿಪಿಎಫ್ ಎಂಬ ಜರಡಿಯನ್ನು ಕೂರಿಸಿರುತ್ತಾರೆ. ಆ ಮಸಿ ತುಂಬಿದಾಗ ಅದನ್ನು ಸುಟ್ಟು ಬೂದಿ ಮಾಡಲು ಕಾರು ಹೆದ್ದಾರಿಯ ವೇಗದಲ್ಲಿ ಹದಿನೈದು ಇಪ್ಪತ್ತು ನಿಮಿಷ ಎಡೆಬಿಡದೆ ಓಡಬೇಕು. ಜಯನಗರದ ಮನೆಯಿಂದ ಎಂ.ಜಿ. ರಸ್ತೆಯ ಕಚೇರಿಗೆ ಹೋಗಿಬರುವುದಷ್ಟೇ ದಿನಚರಿಯಾಗಿರುವ ಕಾರಿಗೆ ಆ ಯೋಗ ಎಲ್ಲಿಂದ ಬರಬೇಕು? ಎಚ್ಚರಿಕೆಯ ದೀಪ ಹೊತ್ತಿಕೊಂಡ ಮೇಲೆ, ಯಾವ ಕೆಲಸವೂ ಇಲ್ಲದ ಭಾನುವಾರ ಬೆಳಿಗ್ಗೆ ಡ್ರೈವರು ಆ ಕಾರನ್ನು ನೆಲಮಂಗಲದಾಚೆಗೆ ಒಯ್ದು ಓಡಿಸಿಕೊಂಡು ಬರುವುದು ಬೆಂಗಳೂರಿನ ಹಲವು ಮನೆಗಳಲ್ಲಿ ಕಂಡುಬರುವ ವಿಲಕ್ಷಣ ವ್ರತ. ಇದರ ಮೇಲೆ ಆಡ್‌ಬ್ಲೂ ಎಂಬ ಯೂರಿಯಾ ದ್ರಾವಣವನ್ನೂ ಕಾಲಕಾಲಕ್ಕೆ ತುಂಬಿಸುತ್ತಿರಬೇಕು. ಅದು ಬರಿದಾದರೆ ಎಂಜಿನ್ ಮತ್ತೆ ಸ್ಟಾರ್ಟ್ ಆಗುವುದಿಲ್ಲ.

ಹೈಬ್ರಿಡ್ ಎಂಬುದು ಊರಿನ ಸಂಚಾರದ ಸಂಕಟಕ್ಕೆಂದೇ ಹುಟ್ಟಿದ ಉಪಾಯ. ಟೊಯೊಟಾ ಕಂಪನಿ 1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಪ್ರಿಯಸ್ ಕಾರಿನ ಮೂಲಕ ರೂಢಿಗೆ ತಂದ ಈ ವ್ಯವಸ್ಥೆಯ ಹೃದಯಭಾಗದಲ್ಲಿ ಇರುವುದು ಒಂದು ಹಲ್ಲುಚಕ್ರದ ಗುಂಪು: ನಡುವೆ ಒಂದು ಚಕ್ರ, ಅದರ ಸುತ್ತ ಪರಿಭ್ರಮಿಸುವ ಚಿಕ್ಕ ಚಕ್ರಗಳು, ಅವೆಲ್ಲವನ್ನೂ ಬಳಸಿ ನಿಂತ ಹೊರಬಳೆ. ಸೂರ್ಯಗ್ರಹಗಳ ವಿನ್ಯಾಸವನ್ನು ಹೋಲುವ ಈ ಗುಂಪಿನ ಒಂದಂಗಕ್ಕೆ ಪೆಟ್ರೋಲ್ ಎಂಜಿನ್ನೂ, ಇನ್ನೊಂದಕ್ಕೆ ವಿದ್ಯುತ್ತನ್ನು ಹುಟ್ಟಿಸುವ ಯಂತ್ರವೂ, ಮತ್ತೊಂದಕ್ಕೆ ಚಕ್ರವನ್ನು ತಿರುಗಿಸುವ ಮೋಟಾರೂ ಜೋಡಣೆಯಾಗಿರುತ್ತವೆ. ಹೀಗಾಗಿ ಗೇರುಬಾಕ್ಸು ಕ್ಲಚ್ಚುಗಳ ಗೊಡವೆಯಿಲ್ಲದೆ, ಯಾವ ಕ್ಷಣದಲ್ಲಿ ಯಾರು ಎಷ್ಟು ದುಡಿಯಬೇಕೆಂಬುದನ್ನು ಕಂಪ್ಯೂಟರು ನಿಶ್ಚಯಿಸುತ್ತ ಹೋಗಬಹುದು. ಹೊರಗಿನಿಂದ ಚಾರ್ಜ್ ಮಾಡುವ ಅಗತ್ಯವೇ ಇಲ್ಲ. ಎಂಜಿನ್ನಿನ ಜೊತೆಗೆ, ಬ್ರೇಕು ಒತ್ತಿದಾಗ ಕಾವಾಗಿ ಹಾಳಾಗಿಹೋಗುತ್ತಿದ್ದ ಶಕ್ತಿಯೂ ಬ್ಯಾಟರಿಯನ್ನು ತುಂಬುತ್ತದೆ. ಸಿಲ್ಕ್ ಬೋರ್ಡಿನ ವೃತ್ತದಲ್ಲಿ ಸಂಜೆ ಆರೂವರೆಗೆ ಅದೇ ಕಂಪನಿಯ ಲೆಕ್ಸಸ್ ಇಎಸ್ ಕಾರಿನಲ್ಲಿ ಕುಳಿತು ಅದರ ಪರದೆಯ ಮೇಲಣ ಬಾಣಗಳನ್ನು ನೋಡುತ್ತಿದ್ದರೆ ಈ ವಿದ್ಯಮಾನವೆಲ್ಲ ಕಣ್ಣಿಗೆ ಕಟ್ಟುತ್ತದೆ. ನಾಲ್ಕು ಮಾರು ತೆವಳಿ ನಿಲ್ಲುವಷ್ಟರಲ್ಲಿ ಎಂಜಿನ್ ಎದ್ದೇ ಇರುವುದಿಲ್ಲ, ಹಸಿರು ಅಕ್ಷರಗಳ ಇವಿ ದೀಪ ಮಿನುಗುತ್ತಿರುತ್ತದೆ, ಎ.ಸಿ. ಮಾತ್ರ ಬ್ಯಾಟರಿಯ ಬಲದಿಂದ ಉಸಿರಾಡುತ್ತಿರುತ್ತದೆ. ಬಾಣ ಒಮ್ಮೆ ಬ್ಯಾಟರಿಯಿಂದ ಚಕ್ರಕ್ಕೂ ಮರುಗಳಿಗೆ ಚಕ್ರದಿಂದ ಬ್ಯಾಟರಿಗೂ ಹರಿಯುತ್ತದೆ. ಪೆಟ್ರೋಲ್ ಕಾರಿಗೆ ಯಾವುದು ನರಕವೋ ಅದೇ ಇದಕ್ಕೆ ಆಡುಂಬೊಲ. ಇದರ ಎರಡೂವರೆ ಲೀಟರಿನ ಎಂಜಿನ್ ಇಂಧನದ ಶಕ್ತಿಯಲ್ಲಿ ಶೇ. 41ರವರೆಗೆ ಕೆಲಸಕ್ಕೆ ತರಬಲ್ಲದು. ಪೆಟ್ರೋಲ್ ಎಂಜಿನ್ನಿನ ಮಟ್ಟಿಗೆ ಅದು ದೊಡ್ಡ ಸಾಧನೆ. ಲೀಟರಿಗೆ 22 ಕಿ.ಮೀ. ಎಂಬ ಘೋಷಿತ ಮೈಲೇಜಿನಲ್ಲಿ ಪರೀಕ್ಷಾಶಾಲೆಯ ಉದಾರತೆಯನ್ನು ಕಳೆದರೂ ಹದಿನಾರಕ್ಕೆ ಮೋಸವಿಲ್ಲ.

ಕೊರತೆಯಿಲ್ಲವೆಂದಲ್ಲ. ಹೆದ್ದಾರಿಯಲ್ಲಿ ಮುಂದಿನ ವಾಹನವನ್ನು ದಾಟಲೆಂದು ಆಕ್ಸಿಲರೇಟರನ್ನು ಪೂರ್ತಿ ಒತ್ತಿದರೆ, ಕಾರಿನ ವೇಗ ಏರುವುದಕ್ಕೆ ಮೊದಲೇ ನಾಲ್ಕು ಸಿಲಿಂಡರುಗಳ ಎಂಜಿನ್ ಏರುಗಂಟಲಿನಲ್ಲಿ ಗೊಣಗತೊಡಗುತ್ತದೆ. ಅಲ್ಲಿಯವರೆಗೆ ಕಾಪಾಡಿಕೊಂಡು ಬಂದ ರಾಜಮರ್ಯಾದೆ ಆ ಕೆಲವು ಕ್ಷಣಗಳಲ್ಲಿ ಕಳಚಿಬೀಳುತ್ತದೆ. ಆರು ಸಿಲಿಂಡರಿನ ಜರ್ಮನ್ ಕಾರಿಗೆ ಒಗ್ಗಿದ ಕಿವಿಗೆ ಇದು ಸಹ್ಯವಾಗುವುದು ಕಷ್ಟ. ಇಷ್ಟನ್ನು ಬಿಟ್ಟರೆ ಹೈಬ್ರಿಡ್ಡಿನ ದೊಡ್ಡ ದೋಷವೆಂದರೆ ಅದನ್ನು ಕೊಂಡವನಿಗೆ ಹೇಳಿಕೊಳ್ಳಲು ಏನೂ ಇಲ್ಲದಿರುವುದು. ಅದು ವಿದ್ಯುತ್ ಕಾರಿನಂತೆ ನಂಬರ್ ಪ್ಲೇಟಿನ ಹಸಿರನ್ನು ಮೆರೆಯುವುದಿಲ್ಲ, ಹನ್ನೆರಡು ಸಿಲಿಂಡರಿನಂತೆ ಗರ್ಜಿಸುವುದೂ ಇಲ್ಲ.

ಹೊರಗಿನಿಂದ ಚಾರ್ಜ್ ಮಾಡಬಹುದಾದ ಪ್ಲಗ್-ಇನ್ ಹೈಬ್ರಿಡ್ ಎಂಬ ಉಪಜಾತಿಯೊಂದುಂಟು. ಬೆಂಗಳೂರಿಗೆ ಅಂಟಿಕೊಂಡ ಹೊಸಕೋಟೆಯಲ್ಲಿ ಕಾರುಗಳನ್ನು ಜೋಡಿಸುವ ವೋಲ್ವೊ ಕಂಪನಿ ಎಕ್ಸ್‌ಸಿ90ರ ಅಂಥ ರೂಪವೊಂದನ್ನು ಇಲ್ಲಿ ಮಾರಿದ್ದೂ ಉಂಟು. ಹಗಲು ವಿದ್ಯುತ್ತಿನಿಂದ ನಗರಸಂಚಾರ, ರಜೆಯಲ್ಲಿ ಪೆಟ್ರೋಲಿನಿಂದ ದೂರಪ್ರಯಾಣ ಎಂಬ ಕಲ್ಪನೆಯೇನೋ ರಮ್ಯವಾದದ್ದು. ಆದರೆ ಕೊಂಡವರು ಪ್ರತಿರಾತ್ರಿ ಚಾರ್ಜ್ ಮಾಡುತ್ತಾರೆಂಬ ನಂಬಿಕೆಯ ಮೇಲೆ ಅದು ನಿಂತಿದೆ. ಐರೋಪ್ಯ ಆಯೋಗವು 2024ರಲ್ಲಿ ರಸ್ತೆಯ ಮೇಲಣ ಕಾರುಗಳಿಂದಲೇ ಸಂಗ್ರಹಿಸಿದ ಅಂಕಿಗಳನ್ನು ಪ್ರಕಟಿಸಿದಾಗ, ಈ ಕಾರುಗಳು ಉಗುಳುವ ಇಂಗಾಲ ಪ್ರಯೋಗಶಾಲೆಯ ಲೆಕ್ಕಕ್ಕಿಂತ ಮೂರೂವರೆ ಪಟ್ಟು ಹೆಚ್ಚೆಂದು ಕಂಡುಬಂತು. ಮನುಷ್ಯಸ್ವಭಾವವನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ.

ಇನ್ನು ವಿದ್ಯುತ್ ಕಾರು. ಬೆಂಗಳೂರಿಗೆ ಇದು ಅಪರಿಚಿತವಲ್ಲ. 2001ರಲ್ಲಿಯೇ ಚೇತನ್ ಮೈನಿಯವರ ರೇವಾ ಎಂಬ ಪುಟಾಣಿ ಕಾರು ಇಲ್ಲಿಂದ ಹೊರಟು ಲಂಡನ್ನಿನ ಬೀದಿಗಳವರೆಗೆ ಹೋಗಿತ್ತು. ಅದನ್ನು ಐಷಾರಾಮಿ ಎಂದು ಅದರ ಅಭಿಮಾನಿಗಳೂ ಕರೆಯಲಾರರು. ಆದರೆ ಅದೇ ತತ್ತ್ವದ ಮೇಲೆ ನಿಂತ ಐ7 ಅಥವಾ ಮರ್ಸಿಡಿಸ್ ಇಕ್ಯೂಎಸ್ ಕಾರಿನ ಹಿಂದಿನ ಆಸನದಲ್ಲಿ ಒಂದು ಸಲ ಕುಳಿತವರು, ಹನ್ನೆರಡು ಸಿಲಿಂಡರುಗಳಿಂದ ನೂರು ವರ್ಷ ಸಾಧಿಸಲು ಹೆಣಗಿದ ಶಾಂತಿ ಇಲ್ಲಿ ಯಾವ ಪ್ರಯಾಸವೂ ಇಲ್ಲದೆ ದೊರಕಿರುವುದನ್ನು ಒಪ್ಪಲೇಬೇಕು. ಐ7ಕ್ಕೂ 740ಐಗೂ ತೂಕದಲ್ಲಿ ಸುಮಾರು ಅರ್ಧ ಟನ್ನಿನ ಅಂತರವುಂಟು. ನೆಲದಡಿ ಮಲಗಿದ ಬ್ಯಾಟರಿಯ ಆ ಭಾರವೇ ಕಾರನ್ನು ರಸ್ತೆಗೆ ಒತ್ತಿ ಹಿಡಿದು, ತೂಗಾಟವನ್ನು ತಗ್ಗಿಸುತ್ತದೆ. ಟೈರುಗಳು ಬೇಗ ಸವೆಯುವುದು ಅದಕ್ಕೆ ತೆರಬೇಕಾದ ಬೆಲೆ. ಘಾಟಿಯನ್ನು ಹತ್ತುವಾಗ ಬ್ಯಾಟರಿ ಗಾಬರಿಹುಟ್ಟಿಸುವ ವೇಗದಲ್ಲಿ ಇಳಿಯುತ್ತದೆ, ಚಾರ್ಮಾಡಿಯ ಇಳಿಜಾರಿನಲ್ಲಿ ಒಂದಿಷ್ಟು ಮರಳಿ ಬರುತ್ತದೆ.

ಎಷ್ಟು ದೂರ ಹೋಗುತ್ತದೆಂಬ ಪ್ರಶ್ನೆಗೆ ಕಂಪನಿಗಳು ಕೊಡುವ ಉತ್ತರವನ್ನು ಜಾತಕದಲ್ಲಿ ಬರೆದ ಆಯುಸ್ಸಿನಂತೆ ಗೌರವದಿಂದ ಕೇಳಿ ಸುಮ್ಮನಿರುವುದು ಲೇಸು. ಇಕ್ಯೂಎಸ್ 580 ಕಾರಿಗೆ 857 ಕಿ.ಮೀ. ಎಂದು ಪರೀಕ್ಷೆಯಲ್ಲಿ ದಾಖಲಾಗಿದೆ, ಆದರೆ 107.8 ಯೂನಿಟ್ ಹಿಡಿಯುವ ಬ್ಯಾಟರಿಯಿಂದ, ನೂರು ಕಿ.ಮೀ.ಗೆ ಇಪ್ಪತ್ತು ಯೂನಿಟ್‌ನಂತೆ ಸಾಧಾರಣ ವೆಚ್ಚವನ್ನು ಹಿಡಿದರೂ, 540ರ ಆಚೆಗೆ ಲೆಕ್ಕ ಏರುವುದಿಲ್ಲ. ಅದೂ ಅಲ್ಪವೇನಲ್ಲ. ಬೆಂಗಳೂರಿನಿಂದ ಮಂಗಳೂರಿಗಾಗಲಿ ಹುಬ್ಬಳ್ಳಿಗಾಗಲಿ ಒಂದೇ ಉಸಿರಿನಲ್ಲಿ ಹೋಗಿ ಸೇರಬಹುದು. ಪ್ರಶ್ನೆ ಹುಟ್ಟುವುದು ಸೇರಿದ ಮೇಲೆ. ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳ ಸಂಖ್ಯೆಯಲ್ಲಿ ಕರ್ನಾಟಕವು ಐದು ಸಾವಿರವನ್ನು ಮೀರಿ ದೇಶಕ್ಕೆ ಮೊದಲಾಗಿದ್ದರೂ, ಅವುಗಳಲ್ಲಿ ಬಹುಪಾಲು ಬೆಂಗಳೂರಿನಲ್ಲಿಯೇ ಇವೆ, ಹಾಗೂ ಅನೇಕವು ಸ್ಕೂಟರಿಗೆ ಸಾಕಾಗುವಂಥವು. ಹೆದ್ದಾರಿಯ ಹೋಟೆಲಿನ ಮುಂದಿರುವ ವೇಗದ ಚಾರ್ಜರಿನಲ್ಲಿ ನಲವತ್ತು ನಿಮಿಷ ಕಾಯುವುದು ಕಷ್ಟವೇನೂ ಅಲ್ಲ, ಮುಂದೆ ಇನ್ನೊಬ್ಬರು ನಿಂತಿರದಿದ್ದರೆ.

ನಿಜವಾದ ಪರೀಕ್ಷೆ ನಡೆಯುವುದು ಹೆದ್ದಾರಿಯಲ್ಲಲ್ಲ, ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ. ಸ್ವಂತ ಮನೆ, ಸ್ವಂತ ಗೇಟು, ಸ್ವಂತ ಮೀಟರು ಇದ್ದವನು ಗೋಡೆಗೆ 11 ಕಿಲೊವ್ಯಾಟಿನ ಪೆಟ್ಟಿಗೆಯೊಂದನ್ನು ಹಾಕಿಸಿಕೊಂಡು, ರಾತ್ರಿ ಮಲಗುವಾಗ ಸಿಕ್ಕಿಸಿ, ಬೆಳಗಾಗುವಷ್ಟರಲ್ಲಿ ತುಂಬಿದ ಬ್ಯಾಟರಿಯನ್ನು ಪಡೆಯುತ್ತಾನೆ. ಹದಿನಾಲ್ಕನೆಯ ಮಹಡಿಯ ವಾಸಿಗಾದರೋ ಮೊದಲು ಅಸೋಸಿಯೇಷನ್ನಿನ ಎನ್‌ಒಸಿ ಬೇಕು. ಎನ್‌ಒಸಿ ಕೊಡುವುದಕ್ಕೆ ಮುಂಚೆ ಕಮಿಟಿಯ ಸಭೆ ಸೇರಬೇಕು. ಸಭೆಯಲ್ಲಿ ಬೆಂಕಿಯ ಭಯವನ್ನು ಒಬ್ಬರೂ, ಟ್ರಾನ್ಸ್‌ಫಾರ್ಮರಿನ ಸಾಮರ್ಥ್ಯವನ್ನು ಇನ್ನೊಬ್ಬರೂ, ಕಾಮನ್ ಮೀಟರಿನ ಬಿಲ್ಲು ತಮ್ಮ ಮೇಲೆ ಬೀಳುವ ಸಂಭವವನ್ನು ಎಲ್ಲರೂ ಪ್ರಸ್ತಾಪಿಸಬೇಕು. ಬೆಸ್ಕಾಂನಿಂದ ಪ್ರತ್ಯೇಕ ಮೀಟರು ಬಂದ ಮೇಲೂ, ಮೀಟರು ಕೋಣೆಯಿಂದ ಕಾರಿನ ಜಾಗದವರೆಗೆ ಎರಡು ಕಂಬ, ಮೂರು ತೊಲೆ, ಇನ್ನೊಬ್ಬರ ಪಾರ್ಕಿಂಗು ಇವುಗಳ ನೆತ್ತಿಯ ಮೇಲೆ ಕೇಬಲ್ ಹಾಯಬೇಕಾದಾಗ ಹೊಸ ವ್ಯಾಜ್ಯ ಆರಂಭವಾಗುತ್ತದೆ. ಅಲ್ಲಿಯವರೆಗೆ 15 ಆಂಪಿಯರಿನ ಸಾಕೆಟ್ಟೇ ಗತಿಯೆಂದುಕೊಂಡರೆ, ಬರಿದಾದ ದೊಡ್ಡ ಬ್ಯಾಟರಿ ತುಂಬುವುದಕ್ಕೆ ಮೂವತ್ತು ಗಂಟೆಗೂ ಹೆಚ್ಚು ಹಿಡಿಯುತ್ತದೆ.

ಮಳೆಯ ಮಾತನ್ನೂ ಇಲ್ಲಿಯೇ ಹೇಳಿಬಿಡಬೇಕು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವಭಾಗದ ಸಿರಿವಂತ ಬಡಾವಣೆಗಳು ಜಲಾವೃತವಾದಾಗ ಕೋಟಿ ಬೆಲೆಯ ಕಾರುಗಳು ಬಾನೆಟ್ಟಿನವರೆಗೆ ಮುಳುಗಿದ್ದನ್ನು ದೇಶವೆಲ್ಲ ನೋಡಿತು. ಪೆಟ್ರೋಲ್ ಮತ್ತು ಡೀಸೆಲ್ ಎಂಜಿನ್ನು ಗಾಳಿಯ ದಾರಿಯಿಂದ ನೀರನ್ನು ಹೀರಿದರೆ, ನೀರು ಒತ್ತಿಕೊಳ್ಳದ ವಸ್ತುವಾದುದರಿಂದ ಕನೆಕ್ಟಿಂಗ್ ರಾಡ್ ಬಾಗಿ ಎಂಜಿನ್ ಹಾಳಾಗುತ್ತದೆ. ‘ಎಂಜಿನ್ ಪ್ರೊಟೆಕ್ಷನ್’ ಎಂಬ ಹೆಚ್ಚುವರಿ ವಿಮೆ ಮಾಡಿಸಿರದವನಿಗೆ ಆ ನಷ್ಟಕ್ಕೆ ಪರಿಹಾರ ದಕ್ಕುವುದೂ ಇಲ್ಲ. ವಿದ್ಯುತ್ ಕಾರಿಗೆ ಗಾಳಿಯ ಹಂಗಿಲ್ಲ, ಅದರ ಬ್ಯಾಟರಿಯ ಕೋಶವನ್ನು ಅಲ್ಪಕಾಲ ಮುಳುಗಿದರೂ ನೀರು ಹೋಗದಂತೆ ಬಿಗಿದಿರುತ್ತಾರೆ. ಆದರೆ ಎರಡು ದಿನ ಕೊಚ್ಚೆನೀರಿನಲ್ಲಿ ನಿಂತ ಮೇಲೆ ಯಾವ ಕಾರಿಗೂ ಯಾರೂ ಭರವಸೆ ಕೊಡಲಾರರು.

ಹಣದ ಲೆಕ್ಕವನ್ನು ಈಗ ನೋಡಬಹುದು. 2025ರ ಬೆಂಗಳೂರಿನ ಬೆಲೆಗಳಂತೆ ಪೆಟ್ರೋಲಿಗೆ 103, ಡೀಸೆಲಿಗೆ 91, ಮನೆಯ ವಿದ್ಯುತ್ತಿಗೆ ಯೂನಿಟ್ಟಿಗೆ 8 ರೂಪಾಯಿ ಎಂದಿಟ್ಟುಕೊಂಡರೆ, ಕಿಲೋಮೀಟರಿಗೆ ಪೆಟ್ರೋಲ್ ಕಾರಿಗೆ ಸುಮಾರು 13, ಡೀಸೆಲಿಗೆ 8, ಹೈಬ್ರಿಡ್ಡಿಗೆ 6, ವಿದ್ಯುತ್ ಕಾರಿಗೆ 2 ರೂಪಾಯಿ ತಗಲುತ್ತದೆ. ವರ್ಷಕ್ಕೆ 12,000 ಕಿ.ಮೀ. ಓಡಿದರೂ ಮೊದಲನೆಯದಕ್ಕೂ ಕೊನೆಯದಕ್ಕೂ ಅಂತರ ಒಂದೂಕಾಲು ಲಕ್ಷದ ಸುತ್ತಮುತ್ತ. ಒಂದೂಮುಕ್ಕಾಲು ಕೋಟಿಯ ಕಾರು ಷೋರೂಮಿನ ಗೇಟನ್ನು ದಾಟಿದ ಮೊದಲ ವರ್ಷದಲ್ಲಿ ಕಳೆದುಕೊಳ್ಳುವ ಬೆಲೆಯ ಮುಂದೆ ಇದು ಎಣಿಕೆಗೇ ಸಿಕ್ಕುವುದಿಲ್ಲ. ಎಣಿಕೆಗೆ ಸಿಕ್ಕುವುದು ತೆರಿಗೆ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳ ಮೇಲೆ, ಅವು ಪೆಟ್ರೋಲಾಗಲಿ ಡೀಸೆಲಾಗಲಿ ಹೈಬ್ರಿಡ್ಡಾಗಲಿ, ಜಿಎಸ್‌ಟಿ ಶೇ. 40, ವಿದ್ಯುತ್ ಕಾರಿನ ಮೇಲೆ, ಅದರ ಬೆಲೆ ಎಷ್ಟೇ ಇರಲಿ, ಶೇ. 5. ಕರ್ನಾಟಕದ ಲೈಫ್‌ಟೈಮ್ ಟ್ಯಾಕ್ಸು ಇಪ್ಪತ್ತು ಲಕ್ಷ ಮೀರಿದ ಕಾರುಗಳಿಗೆ ಶೇ. 18, ಮೇಲೆ ಉಪಕರ. ವಿದ್ಯುತ್ ಕಾರಿಗೆ ಮೊದಲು ಪೂರ್ಣ ವಿನಾಯಿತಿ ಇದ್ದು, 2024ರಿಂದ ಇಪ್ಪತ್ತೈದು ಲಕ್ಷ ಮೀರಿದ್ದಕ್ಕೆ ಶೇ. 10. ಕಾರ್ಖಾನೆಯಿಂದ ಒಂದು ಕೋಟಿಗೆ ಹೊರಬಿದ್ದ ಎರಡು ಕಾರುಗಳು ರಸ್ತೆಗಿಳಿಯುವ ಹೊತ್ತಿಗೆ, ಈ ಲೆಕ್ಕದಲ್ಲಿ, ಐವತ್ತು ಲಕ್ಷದಷ್ಟು ದೂರ ಸರಿದಿರುತ್ತವೆ. ಹೈಬ್ರಿಡ್ಡನ್ನು ಹನ್ನೆರಡು ಸಿಲಿಂಡರಿನ ಪಂಕ್ತಿಯಲ್ಲಿಯೇ ಕೂರಿಸಿ ಬಡಿಸುವ ಈ ಪದ್ಧತಿ ನ್ಯಾಯವೆಂದು ನನಗೆ ತೋರುವುದಿಲ್ಲ.

ಆದರೂ ಈ ಐವತ್ತು ಲಕ್ಷ ಗ್ರಾಹಕನ ಕೈಗೆ ಇಡಿಯಾಗಿ ಬರುವುದಿಲ್ಲ. ಚೆನ್ನೈಯಲ್ಲಿ ಜೋಡಿಸಿದ 740ಐಯನ್ನು 2023ರಲ್ಲಿ 1.70 ಕೋಟಿಗೆ ಮಾರುಕಟ್ಟೆಗಿಳಿಸಿದಾಗ, ಪೂರ್ತಿಯಾಗಿ ಹೊರದೇಶದಿಂದ ಬಂದ ಐ7ರ ಬೆಲೆ 1.95 ಕೋಟಿಯಾಗಿತ್ತು, ಜಿಎಸ್‌ಟಿಯಲ್ಲಿ ಉಳಿಸಿದ್ದನ್ನು ಆಮದು ಸುಂಕ ತಿಂದುಹಾಕಿತ್ತು. ಪುಣೆಯ ಬಳಿಯ ಚಾಕಣದಲ್ಲಿ ಜೋಡಣೆಯಾದ ಇಕ್ಯೂಎಸ್ 580 ಕಾರು 1.55 ಕೋಟಿಗೆ ದೊರೆತಾಗ, ಆಮದಾಗಿ ಬಂದ ಅದರ ಎಎಂಜಿ ಸೋದರನಿಗೆ 2.45 ಕೋಟಿ, ಆ ಅಂತರವೆಲ್ಲ ಸುಂಕದ್ದೇ ಅಲ್ಲವಾದರೂ ದೊಡ್ಡ ಪಾಲು ಅದರದೇ. ಆದಕಾರಣ ವಿದ್ಯುತ್ ಕಾರು ಕೊಳ್ಳುವವನು ಮೊದಲು ವಿಚಾರಿಸಬೇಕಾದದ್ದು ಅದು ಎಲ್ಲಿ ಜೋಡಣೆಯಾಯಿತೆಂಬುದನ್ನು. ಮರುಮಾರಾಟದಲ್ಲಿಯೂ ವಿದ್ಯುತ್ ಕಾರು ಉಳಿದವುಗಳಿಗಿಂತ ಬೇಗ ಬೆಲೆ ಕಳೆದುಕೊಳ್ಳುತ್ತಿದೆ. ಬ್ಯಾಟರಿಗೆ ಎಂಟು ಹತ್ತು ವರ್ಷದ ವಾರಂಟಿ ಇದ್ದರೂ ಎರಡನೆಯ ಗ್ರಾಹಕನ ಅಂಜಿಕೆ ಹೋಗಿಲ್ಲ.

ಪರಿಸರದ ಹೆಸರಿನಲ್ಲಿ ವಿದ್ಯುತ್ ಕಾರು ಕೊಳ್ಳುವವರಿಗೆ ಒಂದು ಅಪ್ರಿಯ ಸತ್ಯವನ್ನು ತಿಳಿಸಬೇಕಾಗಿದೆ. ನಮ್ಮ ದೇಶದ ವಿದ್ಯುಜ್ಜಾಲದಲ್ಲಿ ಒಂದು ಯೂನಿಟ್ಟಿಗೆ ಸರಾಸರಿ 0.7 ಕಿಲೋಗ್ರಾಮಿಗಿಂತ ತುಸು ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಚಾರ್ಜಿಂಗಿನ ನಷ್ಟವನ್ನೂ ಸೇರಿಸಿ ನೂರು ಕಿ.ಮೀ.ಗೆ 25 ಯೂನಿಟ್ ಹಿಡಿದರೆ ಅದು ಸುಮಾರು 18 ಕಿಲೋ. ಲೀಟರಿಗೆ 16 ಕಿ.ಮೀ. ಹೋಗುವ ಹೈಬ್ರಿಡ್ಡಿನ ಕೊಳವೆಯಿಂದ ಹೊರಬೀಳುವುದು 14 ಕಿಲೋಗಿಂತ ತುಸು ಹೆಚ್ಚು. ಎಣ್ಣೆಯನ್ನು ತೆಗೆದು ಶುದ್ಧೀಕರಿಸಿ ತಂದ ಬಾಬ್ತನ್ನು ಕೂಡಿಸಿದರೆ ಅದೂ ಅಲ್ಲಿಗೇ ಬಂದು ಮುಟ್ಟುತ್ತದೆ. ಲೆಕ್ಸಸ್ ಗಾತ್ರದಲ್ಲಿ ಚಿಕ್ಕದೆಂಬುದನ್ನು ಮರೆಯಬಾರದಾದರೂ, ಇಬ್ಬರೂ ಸದ್ಯಕ್ಕೆ ಸಮಬಲರೆನ್ನಲು ಅಡ್ಡಿಯಿಲ್ಲ; ಪೆಟ್ರೋಲ್ ಕಾರು ಕೊಳವೆಯಿಂದಲೇ 29ನ್ನೂ ಡೀಸೆಲ್ 24ನ್ನೂ ಉಗುಳುತ್ತ ಹಿಂದೆ ಉಳಿಯುತ್ತವೆ. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತನ್ನು ಕೋಲಾರದ ಚಿನ್ನದ ಗಣಿಗೆ ಹರಿಸಿದ ನಾಡು ನಮ್ಮದು. ಶರಾವತಿಯ ನೀರು, ಪಾವಗಡದ 2,050 ಮೆಗಾವ್ಯಾಟಿನ ಬಿಸಿಲು, ಚಿತ್ರದುರ್ಗದ ಗಾಳಿ ಇವುಗಳ ದೆಸೆಯಿಂದ ಇಲ್ಲಿನ ವಿದ್ಯುತ್ತು ದೇಶದ ಸರಾಸರಿಗಿಂತ ನಿರ್ಮಲವೆನ್ನಬಹುದು. ಆದರೆ ಕಾರುಗಳು ಚಾರ್ಜಿಗೆ ಕೂರುವ ರಾತ್ರಿಯಲ್ಲಿ ಪಾವಗಡ ಮಲಗಿರುತ್ತದೆ, ರಾಯಚೂರಿನ ಕಲ್ಲಿದ್ದಲು ಎಚ್ಚರವಾಗಿರುತ್ತದೆ. ತಾರಸಿಯ ಮೇಲೆ ಸೋಲಾರ್ ಹಾಕಿಸಿ ಹಗಲಿನಲ್ಲಿ ಚಾರ್ಜ್ ಮಾಡುವವನು ಮಾತ್ರ ನಿಶ್ಚಿಂತೆಯಿಂದ ಹಸಿರು ಪ್ಲೇಟನ್ನು ಮೆರೆಯಬಹುದು.

ಹಾಗಾದರೆ ಯಾರಿಗೆ ಯಾವುದು? ಸ್ವಂತ ಪೋರ್ಟಿಕೋ ಇದ್ದು, ಮನೆಯಲ್ಲಿ ಇನ್ನೊಂದು ಕಾರೂ ಇದ್ದು, ಹೆಚ್ಚಾಗಿ ಹಿಂದಿನ ಸೀಟಿನಲ್ಲಿ ಕೂತು ಊರೊಳಗೆ ಸಂಚರಿಸುವವರು ವಿದ್ಯುತ್ ಕಾರನ್ನು ಬಿಟ್ಟು ಬೇರೆಯದನ್ನು ಯೋಚಿಸುವುದು ವ್ಯರ್ಥ. ಒಂದೇ ಕಾರಿನಲ್ಲಿ ಎಲ್ಲವೂ ಆಗಬೇಕೆಂಬ ಅಪಾರ್ಟ್‌ಮೆಂಟ್ ವಾಸಿಗೆ ಹೈಬ್ರಿಡ್ಡಿನಷ್ಟು ವಿವೇಕದ ಆಯ್ಕೆ ಇನ್ನೊಂದಿಲ್ಲ. ಹೆಚ್ಚು ತೆರಿಗೆ ತೆರಬೇಕಾದರೂ ನಾನು ಅದನ್ನೇ ಹೇಳುವೆನು. ಪ್ರತಿವಾರ ಹುಬ್ಬಳ್ಳಿಯ ಮಿಲ್ಲಿಗೋ ಬಳ್ಳಾರಿಯ ಗಣಿಗೋ ಚಿಕ್ಕಮಗಳೂರಿನ ತೋಟಕ್ಕೋ ಹೋಗಿಬರುವವರು ಡೀಸೆಲನ್ನು ಇನ್ನೂ ಕೆಲವು ವರ್ಷ ಧೈರ್ಯವಾಗಿ ಇಟ್ಟುಕೊಳ್ಳಬಹುದು. ಊರೊಳಗೆ ಮಾತ್ರ ತಿರುಗುವವರು ಅದರ ಸಹವಾಸಕ್ಕೆ ಹೋಗಬಾರದು. ಪೆಟ್ರೋಲ್ ರಸಿಕರಿಗೆ ಮೀಸಲು.

ಕೊನೆಗೆ ಟೆಸ್ಟ್ ಡ್ರೈವಿನ ವಿಷಯ. ಕಾರನ್ನು ನಿತ್ಯ ಓಡಿಸುವವನು ಡ್ರೈವರಾಗಿರುವ ಮನೆಗಳಲ್ಲಿಯೂ ಟೆಸ್ಟ್ ಡ್ರೈವಿಗೆ ಯಜಮಾನರೊಬ್ಬರೇ ಹೋಗಿ, ಸ್ಟಿಯರಿಂಗ್ ಹಿಡಿದು, ಪಿಕಪ್ಪಿಗೆ ತಲೆದೂಗಿ ಬರುವುದನ್ನು ಕಾಣುತ್ತೇವೆ. ವಿದ್ಯುತ್ ಕಾರಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದೊಡನೆ ಮೋಟಾರು ಜನರೇಟರಾಗಿ ಮಾರ್ಪಟ್ಟು ಕಾರನ್ನು ಹಿಡಿದು ಎಳೆಯುತ್ತದೆ. ಪಳಗದ ಕಾಲಿನವನು ಓಡಿಸಿದರೆ ಹಿಂದೆ ಕುಳಿತು ಪತ್ರಿಕೆ ಓದುವವರಿಗೆ ಹತ್ತೇ ನಿಮಿಷದಲ್ಲಿ ಹೊಟ್ಟೆ ತೊಳಸುತ್ತದೆ. ಈ ಎಳೆತವನ್ನು ಕಡಿಮೆ ಮಾಡಿಕೊಳ್ಳುವ ಸೌಕರ್ಯ ಬಹುತೇಕ ಎಲ್ಲ ಕಾರುಗಳಲ್ಲಿಯೂ ಇದೆ. ಆದುದರಿಂದ ಡ್ರೈವರನ್ನು ಜೊತೆಗೆ ಕರೆದೊಯ್ದು, ಆತನನ್ನೇ ಓಡಿಸಲು ಹೇಳಿ, ತಾವು ಹಿಂದಿನ ಎಡಗಡೆಯ ಸೀಟಿನಲ್ಲಿ ಕುಳಿತು, ಹಂಪುಗಳಿರುವ ಒಂದು ರಸ್ತೆಯಲ್ಲಿಯೂ ಸಂಜೆಯ ಟ್ರಾಫಿಕ್ಕಿನಲ್ಲಿಯೂ ಅರ್ಧ ಗಂಟೆ ಸುತ್ತಿಬಂದು ಆಮೇಲೆ ಅಡ್ವಾನ್ಸು ಕೊಡುವುದು ಉತ್ತಮ.